ಹೊಡೆದವರು ಯಾರು ಅಂತ ವಾಕ್ಯದಲ್ಲೇ ಇರಬೇಕು



ಇವತ್ತಿಂದು ಸ್ವಲ್ಪ ಉದ್ದದ ಪೋಸ್ಟ್. ವಿಷಯ ಇಂಗ್ಲಿಷ್ ಗ್ರಾಮರ್. ‘ಇವನಿಗೇನಾಯ್ತು ಮಾರಾಯ್ರೆ, ಹೋರಾಟ ಬಿಟ್ಟು ಮೇಷ್ಟ್ರಾದ್ನಾ’ ಅಂತ ನಗಬೇಡಿ. ಪೂರ್ತಿ ಓದಿ, ಆಮೇಲೂ ನಗು ಬಂದ್ರೆ ನಗಿ.

ಭದ್ರಾವತಿಯಲ್ಲಿ ಭಾನುವಾರ ನಾವು ಕೆಲವರು ಸೇರಿ ನಮ್ಮ ಕೇರಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀವಿ. ಪಿಯುಸಿ, ಬಿಎ, ಐಟಿಐ ಓದೋರು. ಎಲ್ಲಾ ಕನ್ನಡ ಮೀಡಿಯಂ. ಅವರು ಮತ್ತೆ ಮತ್ತೆ ಎಡವೋ ಜಾಗ ಒಂದಿದೆ. ‘ಅವನು ಬೈಯೋದನ್ನ ಕೇಳ್ದೆ’ ಅನ್ನೋದನ್ನ ಇಂಗ್ಲಿಷಿಗೆ ಹಾಕಿ ಅಂದ್ರೆ ‘ಐ ಹರ್ಡ್ ಹಿ ಅಬ್ಯೂಸಿಂಗ್’ ಅಂತ ಬರೀತಾರೆ. ಅಲ್ಲಿ ‘ಹಿ’ ಬರಲ್ಲ, ‘ಹಿಮ್’ ಬರಬೇಕು.

ಇದು ದಡ್ಡತನ ಅಲ್ಲ. ಕನ್ನಡದಲ್ಲಿ ‘ಅನ್ನು’ ಪ್ರತ್ಯಯ ಹತ್ತೋದು ಕೆಲಸಕ್ಕೆ. ಬೈಯೋದನ್ನ, ಹೊಡೆಯೋದನ್ನ, ತಡೆಯೋದನ್ನ. ಬೈದವನು ಮಾತ್ರ ‘ಅವನು’ ಆಗೇ ಉಳೀತಾನೆ, ಅವನಿಗೆ ಏನೂ ಅಂಟಲ್ಲ. ಇಂಗ್ಲಿಷಲ್ಲಿ ಉಲ್ಟಾ. ಅಲ್ಲಿ ಪ್ರತ್ಯಯ ಮನುಷ್ಯನಿಗೇ ಅಂಟುತ್ತೆ, ‘ಹಿ’ ಹೋಗಿ ‘ಹಿಮ್’ ಆಗ್ತಾನೆ. ನಮ್ಮ ಮಕ್ಕಳು ತಾಯಿಭಾಷೆ ಲೆಕ್ಕದಲ್ಲಿ ಸರಿಯಾಗೇ ಬರೆದಿರ್ತಾರೆ. ಇದನ್ನ ಯಾರೂ ಅವರಿಗೆ ಬಿಡಿಸಿ ಹೇಳಿರಲ್ಲ, ಕೆಂಪು ಇಂಕಲ್ಲಿ ಸುತ್ತು ಹಾಕಿ ಕಳಿಸಿರ್ತಾರೆ ಅಷ್ಟೆ.

ಆದ್ರೆ ನಾನು ಇದನ್ನ ಬರೀತಿರೋದು ಮಾರ್ಕ್ಸಿಗಲ್ಲ.

ಕೆಲವು ವರ್ಷದ ಹಿಂದೆ ಒಂದು ಹಳ್ಳಿಯ ಹಲ್ಲೆ ಪ್ರಕರಣ. ಊರು, ಹೆಸರು ಬೇಡ. ಕಣ್ಣಾರೆ ನೋಡಿದ ಅಕ್ಕ ಒಬ್ಬರು ಹೇಳಿದ್ದು ಇಷ್ಟು: ‘ಅವನಿಗೆ ಹೊಡೀತಿದ್ದದ್ದು ನಾ ನೋಡ್ದೆ.’ ಕನ್ನಡದಲ್ಲಿ ಇದಕ್ಕಿಂತ ಸ್ಪಷ್ಟ ಮಾತಿಲ್ಲ. ಯಾರು ಹೊಡೀತಿದ್ರು ಅಂತ ಇಡೀ ಊರಿಗೇ ಗೊತ್ತು, ಮತ್ತೆ ಹೇಳೋದ್ಯಾಕೆ? ಶಿವಮೊಗ್ಗದಲ್ಲಿ ಒಬ್ಬರ ಹತ್ತಿರ ಮನವಿಯನ್ನ ಇಂಗ್ಲಿಷಲ್ಲಿ ಟೈಪ್ ಮಾಡಿಸಿದ್ವಿ. ದೆಹಲಿಗೆ ಹೋಗಬೇಕಾದ ಕಾಗದ. ವಾಪಸ್ ಬಸ್ಸಲ್ಲಿ ಕೂತು ಓದ್ತಿದ್ದ ನಮ್ಮ ಕ್ಲಾಸಿನ ಹುಡುಗಿ ಥಟ್ ಅಂತ ನಿಲ್ಲಿಸಿದಳು. ‘ಅಣ್ಣ, ಇದ್ರಲ್ಲಿ ಹೊಡೆದೋನು ನಮ್ ಹುಡುಗನೇ ಆಗಿಬಿಟ್ಟಿದಾನೆ.’

ಅಲ್ಲಿ ಬರೆದಿದ್ದದ್ದು: ‘ಐ ಸಾ ಹಿಮ್ ಬೀಟಿಂಗ್’.

ಪದಕ್ಕೆ ಪದ ಇಟ್ಟಿದ್ದಾರೆ. ಅವನಿಗೆ ಅಂದ್ರೆ ಹಿಮ್, ಹೊಡೀತಿದ್ದದ್ದು ಅಂದ್ರೆ ಬೀಟಿಂಗ್. ಲೆಕ್ಕ ಸರಿ ಕಾಣುತ್ತೆ. ಆದ್ರೆ ಇಂಗ್ಲಿಷಲ್ಲಿ ನೋಡಿದೆ, ಕೇಳಿದೆ ಅನ್ನೋ ಕ್ರಿಯಾಪದದ ಪಕ್ಕದಲ್ಲೇ ಕೂರೋ ಆ ‘ಹಿಮ್’, ಮುಂದಿನ ‘ಇಂಗ್’ ಕೆಲಸ ಮಾಡಿದವನು. ಏಟು ತಿಂದು ಆಸ್ಪತ್ರೆಯಲ್ಲಿ ಮಲಗಿದ್ದ ಹುಡುಗ ಒಂದೇ ಸಾಲಲ್ಲಿ ಆರೋಪಿ ಆಗಿಬಿಟ್ಟ. ಬೇಕಾಗಿದ್ದದ್ದು ‘ಐ ಸಾ ದೆಮ್ ಬೀಟಿಂಗ್ ಹಿಮ್’. ಆ ‘ದೆಮ್’ ಎಲ್ಲಿ ಹೋಯ್ತು? ಮನವಿ ತಿದ್ದಿಸಿದ್ವಿ, ಕಳಿಸಿದ್ವಿ. ನಮ್ಮೋರ ಮೇಲೆ ಕೌಂಟರ್ ಕೇಸ್ ಹಾಕೋದು ಎಷ್ಟು ಸಲೀಸು ಅಂತ ಈ ಕೆಲಸದಲ್ಲಿ ಇರೋರಿಗೆಲ್ಲ ಗೊತ್ತು. ಅದಕ್ಕೆ ನಮ್ಮ ಕಾಗದವೇ ಸಾಕ್ಷಿ ಆಗಿದ್ರೆ?

‘ಐ ಸಾ ಹಿಮ್ ಬೀಯಿಂಗ್ ಬೀಟನ್’ ಅಂತ ಬರೆದಿದ್ರೆ? ಗ್ರಾಮರ್ ಸರಿ, ಏಟು ತಿಂದವನೂ ಸರಿ. ಆದ್ರೆ ಹೊಡೆದವರು ಮಾಯ. ಪೇಪರಲ್ಲಿ ‘ದಲಿತ ಯುವಕನ ಮೇಲೆ ಹಲ್ಲೆ’ ಅಂತ ಹೆಡ್ಡಿಂಗ್ ಬರುತ್ತಲ್ಲ, ಹಾಗೆ. ಹಲ್ಲೆ ಅನ್ನೋದು ಮಳೆ ಥರ ತಾನಾಗೇ ಬೀಳುತ್ತಾ?

ಇನ್ನೊಂದು ಜಾಗ ನೋಡಿ. ದೌರ್ಜನ್ಯ ತಡೆ ಕಾಯ್ದೆ 1989, ಅದಕ್ಕೆ 2015ರ ತಿದ್ದುಪಡಿ. ಕಲಂ 3(1)(ಆರ್) ಮತ್ತು (ಎಸ್) ಪ್ರಕಾರ ಅವಮಾನ ಮಾಡಿದ್ದು, ಜಾತಿ ಹಿಡಿದು ಬೈದದ್ದು ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಲ್ಲಿ ಆಗಿರಬೇಕು. ಅಂದ್ರೆ ಅಲ್ಲಿದ್ದು ನೋಡಿದವರು, ಕೇಳಿದವರು ಬೇಕು. ಸಾಕ್ಷ್ಯ ಕಾನೂನು ಹೇಳೋದೂ ಅದನ್ನೇ. ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು, ಕೇಳಿದ ಸಂಗತಿ ಆದ್ರೆ ಕಿವಿಯಾರೆ ಕೇಳಿದವನೇ ಬಂದು ಹೇಳಬೇಕು. ಹಳೇ ಕಾಯ್ದೆಯಲ್ಲಿ 60ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 55ನೇ ಕಲಂ. ಅಂತೆಕಂತೆ ನಡೆಯಲ್ಲ.

ಈಗ ಎರಡು ವಾಕ್ಯ ಪಕ್ಕ ಪಕ್ಕ ಇಡಿ. ‘ಐ ಹರ್ಡ್ ಹಿಮ್ ಅಬ್ಯೂಸಿಂಗ್ ಹರ್’: ಅವನು ಅವಳನ್ನ ಬೈತಿದ್ದದ್ದು ನನ್ನ ಕಿವಿಗೆ ಬಿತ್ತು, ನಾನು ಅಲ್ಲಿದ್ದೆ. ‘ಐ ಹರ್ಡ್ ದಟ್ ಹಿ ಅಬ್ಯೂಸ್ಡ್ ಹರ್’: ಬೈದನಂತೆ, ಯಾರೋ ಹೇಳಿದ್ರು. ಮೊದಲನೇದು ಸಾಕ್ಷಿ, ಎರಡನೇದು ಅಂತೆಕಂತೆ. ಕನ್ನಡದಲ್ಲೂ ‘ಬೈತಿದ್ದದ್ದು ಕೇಳ್ದೆ’, ‘ಬೈದ ಅಂತ ಕೇಳ್ದೆ’ ಬೇರೆ ಬೇರೆನೇ. ಆದ್ರೆ ‘ಬೈದಿದ್ದು ಕೇಳ್ದೆ’ ಅಂದ್ರೆ ಎರಡು ಕಡೆಗೂ ವಾಲುತ್ತೆ. ಶಿವಮೊಗ್ಗ, ಭದ್ರಾವತಿ ಕೋರ್ಟಲ್ಲಿ ನಮ್ಮೋರು ಕನ್ನಡದಲ್ಲೇ ಹೇಳ್ತಾರೆ. ಅಪೀಲು ಹೈಕೋರ್ಟಿಗೆ ಹೋದಾಗ ಅಲ್ಲಿನ ಭಾಷೆ ಇಂಗ್ಲಿಷ್, ಸಂವಿಧಾನದ 348ನೇ ವಿಧಿ ಪ್ರಕಾರ. ಆ ಅಕ್ಕ ಅಲ್ಲಿರಲ್ಲ, ಅವರ ಮಾತಿನ ಅನುವಾದ ಇರುತ್ತೆ.

ನೀರಿನ ವಿಷಯವೂ ಹಾಗೇ. ‘ನೀರು ಹಿಡಿಯೋದು ನಿಲ್ಲಿಸಿದ್ರು.’ ಯಾರು ಯಾರನ್ನ ನಿಲ್ಲಿಸಿದ್ರು? ‘ದೇ ಸ್ಟಾಪ್ಡ್ ಟೇಕಿಂಗ್ ವಾಟರ್’ ಅಂತ ಬರೆದ್ರೆ ಅವರೇ ನೀರು ಹಿಡಿಯೋದು ಬಿಟ್ರು ಅಂತ ಅರ್ಥ. ‘ದೇ ಸ್ಟಾಪ್ಡ್ ಅಸ್ ಟೇಕಿಂಗ್ ವಾಟರ್’ ಅಂದ್ರೆ ನಮ್ಮನ್ನ ತಡೆದರು. ಮಧ್ಯದಲ್ಲಿ ‘ಅಸ್’ ಅನ್ನೋ ಒಂದು ಪುಟ್ಟ ಪದ. ಅದು ಬಿದ್ದುಹೋದ್ರೆ ಅಪರಾಧವೇ ಬಿದ್ದುಹೋಗುತ್ತೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಜನರನ್ನ ಕರ್ಕೊಂಡು ಹೋಗಿದ್ದು ಆ ‘ನಮ್ಮನ್ನ’ ಎಲ್ಲರ ಮುಂದೆ ಎತ್ತಿ ತೋರಿಸೋಕೆ.

ಅದೇ ಕಾಯ್ದೆಯ 3(1)(ಝಡ್‌ಎ) ತೆಗೆದು ಇಂಗ್ಲಿಷಲ್ಲೇ ಓದಿ ನೋಡಿ. ನಮ್ಮನ್ನ ಏನೇನು ಮಾಡದಂಗೆ ತಡೆದ್ರೆ ಅಪರಾಧ ಅನ್ನೋ ಪಟ್ಟಿ ಇದೆ. ಬಾವಿ, ಕೆರೆ, ನಲ್ಲಿ, ಸ್ಮಶಾನ ಬಳಸೋದು. ಸೈಕಲ್ಲು, ಮೋಟಾರ್ ಸೈಕಲ್ಲು ಹತ್ತೋದು, ಓಡಿಸೋದು. ಚಪ್ಪಲಿ ಹಾಕೋದು, ಹೊಸ ಬಟ್ಟೆ ತೊಡೋದು. ಮದುವೆ ಮೆರವಣಿಗೆ ತೆಗೆಯೋದು. ಗುಡಿಗೆ, ಶಾಲೆಗೆ, ಆಸ್ಪತ್ರೆಗೆ ಹೋಗೋದು. ಯೂಸಿಂಗ್, ಮೌಂಟಿಂಗ್, ರೈಡಿಂಗ್, ವೇರಿಂಗ್, ಎಂಟರಿಂಗ್. ಇಡೀ ಪಟ್ಟಿಯೇ ‘ಇಂಗ್’. ಮನುಷ್ಯ ಬದುಕೋದು ಅಂದ್ರೆ ಈ ‘ಇಂಗ್’ಗಳೇ ತಾನೆ?

ಕ್ಲಾಸಲ್ಲಿ ‘ಮೈಂಡ್’ ಅನ್ನೋ ಪದಕ್ಕೆ ಉದಾಹರಣೆ ಕೇಳಿದಾಗ ಐಟಿಐ ಹುಡುಗ ಒಬ್ಬ ಬೋರ್ಡ್ ಮೇಲೆ ಬರೆದ: ‘ದೇ ಡೋಂಟ್ ಮೈಂಡ್ ಅಸ್ ಕ್ಲೀನಿಂಗ್. ದೇ ಮೈಂಡ್ ಅಸ್ ಸಿಟ್ಟಿಂಗ್.’ ನಾವು ಗುಡಿಸಿದ್ರೆ ಅವರಿಗೆ ಬೇಜಾರಿಲ್ಲ, ನಾವು ಕೂತ್ರೆ ಬೇಜಾರು. ಇದಕ್ಕಿಂತ ಒಳ್ಳೆ ಉದಾಹರಣೆ ಯಾವ ಗ್ರಾಮರ್ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ಇದಕ್ಕೂ ನಮ್ಮ ಊರಿಗೂ ಒಂದು ನಂಟಿದೆ. 1973ರ ನವೆಂಬರಲ್ಲಿ, ಆಗ ದೇವರಾಜ ಅರಸರ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಲ್ಲಿ ಮಾತಾಡ್ತಾ ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಇದೆ, ಇಂಗ್ಲಿಷ್ ಕಲೀರಿ ಅಂತ ಹೇಳಿದ್ರು. ಗಲಾಟೆ ಆಯ್ತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಮಾಡಿದ್ರು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯ್ತು. ಅದರ ಬೆನ್ನಿಗೇ ಭದ್ರಾವತಿ ಕಾಲೇಜಲ್ಲಿ ಕನ್ನಡ ಪಾಠ ಮಾಡ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು. ನೆನಪಿಡಿ, ಕನ್ನಡ ಮೇಷ್ಟ್ರು ಅವರು. ಬಸವಲಿಂಗಪ್ಪನವರ ಮಾತನ್ನ ಕನ್ನಡದ ಮೇಲಿನ ದ್ವೇಷ ಅಂತ ಅವರು ಓದಲಿಲ್ಲ. ನಾನೂ ಓದಲ್ಲ. ನನ್ನ ಸಿಟ್ಟು, ನನ್ನ ಅಳು ಎರಡೂ ಕನ್ನಡವೇ. ಆದ್ರೆ ನನ್ನ ಕನ್ನಡ ಇನ್ನೊಬ್ಬರ ಇಂಗ್ಲಿಷ್ ಆಗಿ ಮೇಲೆ ಹೋಗುವಾಗ ಏನಾಗ್ತಿದೆ ಅಂತ ಕಾವಲು ಕಾಯೋಕೆ ನನಗೆ ಆ ಇಂಗ್ಲಿಷ್ ಬೇಕು.

ಭದ್ರಾವತಿಯೋರಿಗೆ ಇಂಗ್ಲಿಷ್ ಹೊಸದಲ್ಲ. ಕಬ್ಬಿಣದ ಕಾರ್ಖಾನೆ, ಪೇಪರ್ ಮಿಲ್ಲು ತಲೆಮಾರುಗಳ ಕಾಲ ನಮ್ಮ ಬಾಯಿಗೆ ಇಂಗ್ಲಿಷ್ ಹಾಕಿವೆ. ಶಿಫ್ಟು, ಗೇಟ್ ಪಾಸು, ಓಟಿ, ಫರ್ನೇಸು, ಕ್ಯಾಂಟೀನು. ಗುತ್ತಿಗೆ ಕೂಲಿಯಾಗಿದ್ದ ನಮ್ಮಪ್ಪನಿಗೂ ಇವೆಲ್ಲ ಗೊತ್ತಿತ್ತು. ಎಲ್ಲಾ ನಾಮಪದ. ದುಡಿಯೋಕೆ ನಾಮಪದ ಸಾಕು. ಸಾಕ್ಷಿ ಹೇಳೋಕೆ ಸಾಕಾಗಲ್ಲ, ಅಲ್ಲಿ ಕ್ರಿಯಾಪದ ಬೇಕು, ಅದರ ಪಕ್ಕದಲ್ಲಿ ಮಾಡಿದವನು ಬೇಕು.

ಅದಕ್ಕೇ ಸಂಗಾತಿಗಳಲ್ಲಿ ಕೇಳ್ಕೊಳ್ಳೋದು ಇಷ್ಟು:

ಕನ್ನಡದಲ್ಲಿ ದೂರು ಬರೆಯುವಾಗಲೇ ‘ಅವನಿಗೆ ಹೊಡೀತಿದ್ರು’ ಅಂತ ಬಿಡಬೇಡಿ. ‘ಇಂಥವರು ಇಂಥವನಿಗೆ ಹೊಡೀತಿದ್ದದ್ದನ್ನ ನಾನು ನೋಡಿದೆ’ ಅಂತ ಪೂರ್ತಿ ಬರೀರಿ. ಕೇಳಿದ್ದಾದ್ರೆ ‘ನಾನು ಅಲ್ಲೇ ಇದ್ದೆ, ನನ್ನ ಕಿವಿಯಾರೆ ಕೇಳಿದೆ’ ಅಂತ ಸೇರಿಸಿ. ನೋಡದೇ ಇದ್ದದ್ದನ್ನ ನೋಡಿದೆ ಅಂತ ಮಾತ್ರ ಯಾವತ್ತೂ ಬರೀಬೇಡಿ.

ಸ್ಟೇಷನ್ನಲ್ಲಿ ಬಾಯಲ್ಲಿ ಹೇಳಿ ಬರೆಸಿದ ದೂರನ್ನ, ಸಹಿ ಹಾಕೋ ಮುಂಚೆ ನಿಮಗೆ ಓದಿ ಹೇಳೋದು ಅಧಿಕಾರಿಯ ಕರ್ತವ್ಯ. ಅದೇ ಕಾಯ್ದೆಯ ಕಲಂ 4(2). ಅದರ ನಕಲು ಕೂಡಲೇ ಕೊಡೋದೂ ಅದೇ ಕಲಮಿನಲ್ಲಿದೆ. ‘ಓದಿ ಹೇಳಿ ಸಾರ್’ ಅಂತ ಕೇಳೋಕೆ ಹೆದರಬೇಡಿ, ಅದು ಬೇಡಿಕೆ ಅಲ್ಲ, ಹಕ್ಕು.

ಇಂಗ್ಲಿಷಿಗೆ ಹೋದ ಪ್ರತಿ ಕಾಗದವನ್ನೂ ನಮ್ಮದೇ ಹುಡುಗ ಅಥವಾ ಹುಡುಗಿ ಒಬ್ಬರು ಕೂತು ಓದ್ಲಿ. ನೋಡಿದೆ, ಕೇಳಿದೆ, ತಡೆದರು ಅನ್ನೋ ಪದ ಬಂದ ಕಡೆಯಲ್ಲೆಲ್ಲ ಬೆರಳಿಟ್ಟು ಒಂದೇ ಪ್ರಶ್ನೆ ಕೇಳ್ಲಿ: ಯಾರು?

ಭಾನುವಾರ ಬೆಳಿಗ್ಗೆ ಕ್ಲಾಸ್ ಇದೆ. ಶಿವಮೊಗ್ಗದಿಂದ ಬರೋರು ಬಸ್ ಹತ್ತಿ ಬನ್ನಿ. ನಿಮ್ಮ ಹತ್ತಿರ ಇಂಗ್ಲಿಷಲ್ಲಿ ಬರೆಸಿದ ಮನವಿ ಏನಾದ್ರೂ ಇದ್ರೆ ಜೊತೆಗೆ ತನ್ನಿ. ಒಟ್ಟಿಗೆ ಕೂತು ಓದೋಣ.

ಜೈ ಭೀಮ್.