ದೀಪದ ಗೂಡು

ಕತ್ತಲೆ ಕೋಣೆ ಎಂಬ ಹೆಸರು ಕೇಳಿದವರು ಅಲ್ಲಿ ಕತ್ತಲೆಯೇ ಮುಖ್ಯವೆಂದು ತಿಳಿಯುತ್ತಾರೆ. ಫೋಟೋ ಅಚ್ಚು ಹಾಕುವ ಹುಚ್ಚು ಹಿಡಿದವರನ್ನು ಕೇಳಿ ನೋಡಿ. ಕತ್ತಲೆ ಸಂಪಾದಿಸುವುದಕ್ಕೆ ಅವರು ಪಟ್ಟ ಶ್ರಮ ಅಷ್ಟೇನೂ ದೊಡ್ಡದಲ್ಲ. ಕಿಟಕಿಗೆ ಕರಿಯ ಬಟ್ಟೆ, ಬಾಗಿಲ ಸಂದಿಗೆ ಹಳೆಯ ಪಂಚೆಯ ಚೂರು, ಮನೆಮಂದಿಗೆ ‘ಯಾರೂ ಬಾಗಿಲು ತೆಗೆಯಬೇಡಿ’ ಎಂಬ ಅಪ್ಪಣೆ. ಇಷ್ಟಾದರೆ ಬಚ್ಚಲುಮನೆಯೂ ಕತ್ತಲೆ ಕೋಣೆಯೇ. ಅವರ ನಿದ್ದೆ ಕೆಡಿಸುವುದು ಬೆಳಕು. ನೆಗೆಟಿವಿನ ನೆತ್ತಿಯ ಮೇಲೆ, ಎನ್‌ಲಾರ್ಜರಿನ ದೀಪದ ಗೂಡಿನೊಳಗೆ, ಎಂಥ ದೀಪವಿರಬೇಕು, ಅದನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಒಳಹೊಕ್ಕವರಿಗೆ ಮಾತ್ರ ಅದರ ಆಳ ಗೊತ್ತು.

ಮೊದಲಿನವರಿಗೆ ದೀಪ ಕೊಳ್ಳುವ ಖರ್ಚಿರಲಿಲ್ಲ. ಅದು ಆಕಾಶದಲ್ಲಿಯೇ ಇತ್ತು. ಅಮೆರಿಕದ ಬಾಲ್ಟಿಮೋರಿನ ಡೇವಿಡ್ ವುಡ್‌ವರ್ಡ್ ಎಂಬ ಚಿತ್ರಕಾರ 1857ರಲ್ಲಿ ‘ಸೂರ್ಯ ಕ್ಯಾಮೆರಾ’ ಒಂದಕ್ಕೆ ಪೇಟೆಂಟು ಪಡೆದ. ಕನ್ನಡಿಯಿಂದ ಬಿಸಿಲನ್ನು ಹಿಡಿದು, ಮಸೂರದಿಂದ ಒಟ್ಟುಗೂಡಿಸಿ, ನೆಗೆಟಿವಿನ ಮೂಲಕ ಹಾಯಿಸಿ, ದೊಡ್ಡ ಬಿಂಬ ಬೀಳಿಸುವ ಯಂತ್ರ ಅದು. ದೀಪವೇನೋ ಧರ್ಮಕ್ಕೆ ದೊರೆಯಿತು. ಆದರೆ ಆ ದೀಪ ಒಂದು ಕಡೆ ನಿಲ್ಲುವಂಥದಲ್ಲ. ಸೂರ್ಯ ಸರಿದಂತೆಲ್ಲ ಕನ್ನಡಿಯೂ ತಿರುಗಬೇಕು. ಮೋಡ ಕವಿದರೆ ಅಂದಿನ ಕೆಲಸಕ್ಕೆ ರಜ.

ಆಮೇಲೆ ವಿದ್ಯುತ್ತಿನ ಬಲ್ಬು ಬಂದಿತು. ಎನ್‌ಲಾರ್ಜರಿಗೆಂದೇ 75 ವಾಟು, 150 ವಾಟುಗಳ ಹಾಲುಬಣ್ಣದ ಬಲ್ಬುಗಳಿದ್ದವು. ಮನೆಯ ಬಲ್ಬಿನ ನೆತ್ತಿಯ ಮೇಲೆ ಕಂಪನಿಯ ಹೆಸರೂ ವಾಟಿನ ಲೆಕ್ಕವೂ ಅಚ್ಚಾಗಿರುತ್ತವಷ್ಟೆ. ಕಂಡೆನ್ಸರ್ ಮಸೂರವಿರುವ ಯಂತ್ರದಲ್ಲಿ ಅಂಥ ಬಲ್ಬನ್ನು ಹಾಕಿದರೆ ಆ ಅಕ್ಷರಗಳ ನೆರಳು ಮದುಮಗಳ ಕೆನ್ನೆಯ ಮೇಲೆ ಬಿದ್ದರೂ ಬಿದ್ದೀತು. ಎನ್‌ಲಾರ್ಜರಿನ ಬಲ್ಬಿಗೆ ಈ ದೋಷವಿಲ್ಲ. ಅದರ ದೋಷ ಬೇರೆ: ಕಾವು ಹೆಚ್ಚು, ಆಯುಷ್ಯ ಕಡಮೆ. ಕಾವು ಹೆಚ್ಚಾದಾಗ ನೆಗೆಟಿವು ಹಪ್ಪಳದಂತೆ ಉಬ್ಬಿ, ಆಗತಾನೆ ಕೂಡಿಸಿದ ಫೋಕಸು ತಪ್ಪಿಹೋಗುತ್ತದೆ. ಯುರೋಪಿನವರು 2009ರಿಂದ 2012ರವರೆಗೆ ಹಂತ ಹಂತವಾಗಿ ಮನೆಬಳಕೆಯ ತಂತಿ ಬಲ್ಬುಗಳನ್ನು ಮಾರುಕಟ್ಟೆಯಿಂದ ತೆಗೆದರು. ಬಲ್ಬಿನ ಕಾಲವೇ ಮುಗಿಯುತ್ತ ಬಂದಿತು.

ನಮ್ಮ ಕಡೆ ಇನ್ನೊಂದು ತೊಡಕು, ವೋಲ್ಟೇಜಿನದು. ತಂತಿ ಬಲ್ಬಿನ ಲೆಕ್ಕ ಬಹಳ ನಿಷ್ಠುರ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ಅಷ್ಟೇ ಅಲ್ಲ, ಬೆಳಕು ಕೆಂಪಗಾಗುತ್ತದೆ. ಫೋಟೋ ಕಾಗದಕ್ಕೆ ಕೆಂಪು ಕಾಣುವುದೇ ಇಲ್ಲ. ನೀಲಿ, ಹಸಿರುಗಳೇ ಅದರ ಕಣ್ಣು. ಆದಕಾರಣ ನಮ್ಮ ಕಣ್ಣಿಗೆ ತುಸುವೇ ಮಂಕಾದ ದೀಪ ಕಾಗದದ ಪಾಲಿಗೆ ಅರ್ಧ ನಂದಿದ ದೀಪ. ನೆರೆಮನೆಯವರು ನೀರಿನ ಪಂಪು ಹಾಕಿದ ಗಳಿಗೆಯಲ್ಲಿ ತೆಗೆದ ಅಚ್ಚು ಬೆಳ್ಳಗೆ, ಪಂಪು ನಿಂತ ಮೇಲೆ ತೆಗೆದದ್ದು ಕಪ್ಪಗೆ! ಸ್ಟೆಬಿಲೈಸರಿಲ್ಲದೆ ಒಂದೇ ಬಗೆಯ ಎರಡು ಪ್ರತಿ ತೆಗೆಯುವುದು ದೇವರ ದಯೆ.

ಬಲ್ಬಿನ ಜಾತಿಗಿಂತ ದೊಡ್ಡ ಪ್ರಶ್ನೆ, ಬೆಳಕು ನೆಗೆಟಿವನ್ನು ಹೇಗೆ ಹೊಗಬೇಕೆಂಬುದು. ದಪ್ಪ ಕಂಡೆನ್ಸರ್ ಮಸೂರಗಳು ಬೆಳಕನ್ನು ಒಂದೇ ದಿಕ್ಕಿಗೆ ಹಿಡಿದು ಕಳಿಸುತ್ತವೆ. ಓಪಲ್ ಗಾಜು ಅದನ್ನು ಚೆದರಿಸಿ, ಎಲ್ಲ ದಿಕ್ಕಿನಿಂದಲೂ ಮೆಲ್ಲಗೆ ಇಳಿಸುತ್ತದೆ. ಮೊದಲನೆಯದು ಬಿಸಿಲು, ಎರಡನೆಯದು ಮೋಡದ ಹಗಲು. ನೆಗೆಟಿವಿನಲ್ಲಿರುವ ಬೆಳ್ಳಿಯ ಕಣಗಳು ತಮಗೆ ತಾಗಿದ ಬೆಳಕನ್ನು ಅತ್ತಿತ್ತ ಎರಚುತ್ತವೆ. ನೇರ ಬೆಳಕಿನಲ್ಲಿ ಹೀಗೆ ದಾರಿ ತಪ್ಪಿದ್ದು ಕೆಳಗಿನ ಲೆನ್ಸನ್ನು ಸೇರದೆ ಹೋಗುತ್ತದೆ. ಬೆಳ್ಳಿ ದಟ್ಟವಾದಷ್ಟೂ ನಷ್ಟ ಹೆಚ್ಚು. ಆದ್ದರಿಂದ ಕಪ್ಪು ಬಿಳುಪುಗಳ ಅಂತರ ಬೆಳೆಯುತ್ತದೆ. 1909ರಲ್ಲಿ ಇದನ್ನು ವಿವರಿಸಿದ ಆಂದ್ರೆ ಕ್ಯಾಲಿಯೆಯ ಹೆಸರೇ ಇದಕ್ಕೆ ಉಳಿದಿದೆ. ಚೆದರಿದ ಬೆಳಕಿನಲ್ಲಿ ಒಂದು ಕಡೆ ತಪ್ಪಿದ್ದನ್ನು ಇನ್ನೊಂದು ಕಡೆಯಿಂದ ಬಂದದ್ದು ತುಂಬಿಕೊಡುತ್ತದೆ. ಅಂತರ ಸುಮಾರು ಒಂದು ಗ್ರೇಡಿನಷ್ಟು ಮೃದುವಾಗುತ್ತದೆ. ಧೂಳು, ಗೀರುಗಳ ವಿಷಯದಲ್ಲಿಯೂ ಹಾಗೆಯೇ. ನೇರ ಬೆಳಕು ಒಂದನ್ನೂ ಬಿಡದೆ ಬರೆದಿಡುವ ಶಾನುಭೋಗ. ಚೆದರಿದ ಬೆಳಕು ಮನೆಯ ಹಿರಿಯಳಂತೆ, ಕಂಡದ್ದರಲ್ಲಿ ಅರ್ಧವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ.

ನನ್ನ ಯಂತ್ರಕ್ಕೆ ನಾನು ಕೊನೆಗೆ ಮಾಡಿಕೊಂಡ ಏರ್ಪಾಡನ್ನು ಹೇಳುತ್ತೇನೆ. ಕಂಡೆನ್ಸರನ್ನು ಎಸೆಯಲಿಲ್ಲ, ಬೇಕೆಂದಾಗ ಹಾಕಬಹುದು, ತೆಗೆಯಬಹುದು. ಅದಿಲ್ಲದಾಗ ದೀಪದ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ತಗಡು. ಅದರ ಮೇಲೆ ನೀಲಿ ಎಲ್‌ಇಡಿಗಳು ಕೆಲವು, ಹಸಿರಿನವು ಕೆಲವು. ಗೂಡಿನ ಒಳಮೈಗೆ ಬಿಳಿಯ ಬಣ್ಣ. ಕೆಳಗೆ, ನೆಗೆಟಿವಿಗಿಂತ ಅಗಲವಾದ ಹಾಲುಬಿಳುಪಿನ ಅಕ್ರಿಲಿಕ್ ಹಲಗೆ. ನೀಲಿ ಹಸಿರುಗಳೇಕೆಂದರೆ, ಇಲ್‌ಫರ್ಡ್ ಕಂಪನಿ 1940ರಲ್ಲಿ ತಂದ ಮಲ್ಟಿಗ್ರೇಡ್ ಜಾತಿಯ ಕಾಗದ ನೀಲಿಗೆ ಕಟುವಾಗಿಯೂ ಹಸಿರಿಗೆ ಮೃದುವಾಗಿಯೂ ಓಗೊಡುತ್ತದೆ. ಎರಡನ್ನೂ ಬೇಕಾದಷ್ಟು ಬೆರೆಸಿದರೆ ಬೇಕಾದ ಗ್ರೇಡು ಸಿಗುತ್ತದೆ. ಒಳ್ಳೆಯ ಡ್ರೈವರು ಇದ್ದರೆ ನೆರೆಮನೆಯ ಪಂಪಿನ ಭಯವಿಲ್ಲ. ನೆಗೆಟಿವೂ ಹಪ್ಪಳವಾಗುವುದಿಲ್ಲ.

ದೀಪ ಹತ್ತಿದ ಮಾತ್ರಕ್ಕೆ ಮುಗಿಯಲಿಲ್ಲ. ಅದು ಸಮನಾಗಿ ಹರಡಿದೆಯೇ ಎಂದು ಪರೀಕ್ಷಿಸಬೇಕು. ಈ ವಿಷಯದಲ್ಲಿ ಕಣ್ಣನ್ನು ನಂಬುವಂತಿಲ್ಲ. ಅದು ಬಹಳ ಉದಾರಿ. ನೆಗೆಟಿವಿಲ್ಲದೆ, ಲೆನ್ಸಿನ ಬಾಯನ್ನು ಎರಡು ಅಂಕೆ ಕಿರಿದು ಮಾಡಿ, ಕಾಗದ ನಸುಬೂದಿಯಾಗುವಷ್ಟು ಬೆಳಕು ಕೊಟ್ಟು ತೊಳೆಯಬೇಕು. ಒಣಗಿದ ಮೇಲೆ ಮೂಲೆಯನ್ನು ಕತ್ತರಿಸಿ ನಡುಭಾಗದ ಮೇಲಿಟ್ಟರೆ ಸತ್ಯ ಹೊರಬೀಳುತ್ತದೆ. ಮೂಲೆ ಬೆಳ್ಳಗಿದ್ದರೆ ಅಲ್ಲಿಗೆ ಬೆಳಕು ಸಾಲದು. ಅಂಚಿನ ದೀಪಗಳನ್ನು ಹೆಚ್ಚಿಸಬೇಕು, ಇಲ್ಲವೆ ತಗಡನ್ನು ಮೇಲಕ್ಕೆತ್ತಬೇಕು. ನಾಲ್ಕು ಸಂಜೆ, ಹದಿನೇಳು ಕಾಗದ ಹೋದವು. ಇಷ್ಟೆಲ್ಲ ಮಾಡಿ ತೆಗೆದದ್ದು ಒಂದು ಬೂದಿಬಣ್ಣದ ಕಾಗದವೇ ಎಂದು ಮನೆಯಲ್ಲಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ಅದಕ್ಕೆ ಉತ್ತರ ಸಾಗರದ ಕಡೆಯ ಅಜ್ಜಿಯೊಬ್ಬರಿಂದ ದೊರೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಹಿಂದಕ್ಕೆ ಸರಿದು ನಿಂತಾಗ ಮುಳುಗಿದ ಮನೆಗಳಲ್ಲಿ ಅವರದೂ ಒಂದು. ಊರು ಬಿಡುವ ಮುಂಚೆ ನೆಂಟರೊಬ್ಬರು ಡಬ್ಬಿ ಕ್ಯಾಮೆರಾದಲ್ಲಿ ಮನೆಯ ಚಿತ್ರ ತೆಗೆದಿದ್ದರು. ಅಚ್ಚು ಎಲ್ಲೋ ಕಳೆದುಹೋಗಿ, ನೆಗೆಟಿವು ಮಾತ್ರ ಜಾತಕಗಳ ಕಟ್ಟಿನಲ್ಲಿ ಉಳಿದಿತ್ತು. ಬೆನ್ನ ತುಂಬ ಗೀರು. ಮೊದಲು ಕಂಡೆನ್ಸರಿನಲ್ಲಿ ಒಂದು ಅಚ್ಚು ತೆಗೆದೆ. ಹೆಂಚಿನ ಸಾಲು, ಅಂಗಳದ ಕಲ್ಲು ಕೆತ್ತಿದಂತೆ ಬಂದವು; ಜೊತೆಗೆ ಗೀರೆಲ್ಲ ಬಿಳಿಯ ಗೆರೆಗಳಾಗಿ ಚಿತ್ರದ ಉದ್ದಕ್ಕೂ ಸುರಿದವು. ಆಮೇಲೆ ಚೆದರಿದ ಬೆಳಕಿಗೆ ಬದಲಿಸಿ, ಕಳೆದುಹೋಗುವ ಕಸುವನ್ನು ನೀಲಿಯಿಂದ ತುಂಬಿ, ಇನ್ನೊಂದು ತೆಗೆದೆ.

ಅಜ್ಜಿ ಮೊದಲನೆಯದನ್ನು ನೋಡಿ, “ಹೌದು, ನಮ್ಮಲ್ಲಿ ಮಳೆ ಹಿಡಿದರೆ ಹೀಗೇ” ಎಂದರು. ಗೀರೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಎರಡನೆಯದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಜಗಲಿಯಾಚೆಯ ಬಾಗಿಲಿನ ನೆರಳಿನ ಮೇಲೆ ಬೆರಳಿಟ್ಟು, “ತಮ್ಮಾ, ಇದು ನಮ್ಮ ಅತ್ತೆಯವರಲ್ಲವೆ! ಅವರು ಫೋಟೋಕ್ಕೆ ನಿಲ್ಲೋದಿಲ್ಲ ಅಂತ ಒಳಗೆ ಹೋಗಿದ್ದರು” ಎಂದರು. ನಾನು ಬಾಗಿ ನೋಡಿದೆ. ಬಾಗಿಲ ಚೌಕಟ್ಟಿಗೆ ಒರಗಿ ಒಂದು ಹೆಣ್ಣಿನ ಆಕಾರ. ಮೊದಲನೆಯ ಅಚ್ಚಿನಲ್ಲಿ ಬಿಳಿಯ ಗೆರೆಗಳು ಸರಿಯಾಗಿ ಅಲ್ಲಿಯೇ ಹಾದುಹೋಗಿದ್ದವು.

ಗೀರನ್ನು ಮರೆಸುವ ದೀಪ ಸುಳ್ಳು ಹೇಳುತ್ತದೆಂದು ವಾದಿಸುವ ಗೆಳೆಯರಿದ್ದಾರೆ. ಗೀರು ಆ ಮನೆಯದಲ್ಲ, ಆಮೇಲೆ ಕಳೆದ ವರ್ಷಗಳದು ಎಂದು ನಾನು ಹೇಳುತ್ತೇನೆ. ಆದರೂ ಅವರ ವಾದವನ್ನು ಪೂರ್ತಿ ತಳ್ಳಿಹಾಕಲಾರೆ. ಆ ವರ್ಷಗಳೂ ನಿಜವೇ ತಾನೆ? ಅದಕ್ಕೇ ಕಂಡೆನ್ಸರನ್ನು ಒರೆಸಿ, ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟಿದ್ದೇನೆ. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಸರಕಿಗೆ ‘ಇಂದು’ ಎಂದು ಹೆಸರಿತ್ತು. ಆ ಚಂದ್ರ ಮುಳುಗಿ ವರ್ಷಗಳಾದವು. ಈಗ ಕಾಗದ ಹೊರದೇಶದಿಂದ ಬರಬೇಕು, ಬೆಲೆ ಕೇಳಿದರೆ ಎದೆ ನಡುಗುತ್ತದೆ. ಆದರೆ ಇಂಥ ನೆಗೆಟಿವುಗಳು ಇನ್ನೂ ಎಷ್ಟು ಮನೆಗಳ ಜಾತಕದ ಕಟ್ಟುಗಳಲ್ಲಿ, ತಗಡಿನ ಡಬ್ಬಿಗಳಲ್ಲಿ ಕುಳಿತಿವೆಯೋ! ಅವನ್ನು ಹೊತ್ತು ತರುವವರ ಕೈ ನಡುಗುವ ಮುನ್ನ, ಇದು ಯಾರು ಎಂದು ಬೆರಳಿಟ್ಟು ಹೇಳಬಲ್ಲವರು ಇರುವಾಗಲೇ, ದೀಪ ಸಿದ್ಧವಾಗಿರಬೇಕು.