ಬಸ್ಕಿ ಹೊಡೆಯುವ ಹುಳ

ಫೆಬ್ರವರಿಯ ಒಂದು ಶನಿವಾರ, ಬೆಳಗಿನ ಐದೂವರೆಗೆ ಪೀಣ್ಯ ಎರಡನೇ ಹಂತದಿಂದ ಹೊರಟೆವು. ನಮ್ಮ ಲೇತ್ ಶೆಡ್ಡಿನ ಹಿಂದಿನ ಮೋರಿ ಆ ಹೊತ್ತಿಗೇ ನೊರೆ ಕಟ್ಟಿಕೊಂಡಿತ್ತು. ನನ್ನ ಮೂಗಿಗೆ ಆ ವಾಸನೆ ಒಗ್ಗಿ ವರ್ಷಗಳಾದವು. ಪ್ರಾಣಿಶಾಸ್ತ್ರ ಓದುತ್ತಿರುವ ಅಕ್ಕನ ಮಗಳು ಮಾತ್ರ ದುಪಟ್ಟಾ ಮುಚ್ಚಿಕೊಂಡು ಬಗ್ಗಿ ನೋಡಿದಳು. "ಇಲ್ಲಿ ಸಿಕ್ಕರೆ ಕೆಂಪು ಹುಳ ಸಿಗಬಹುದು ಮಾಮ. ನನ್ನ ಹುಳ ಒಂದು ದಿನಾನೂ ಬದುಕಲ್ಲ."

ಅವಳ ಹುಳ ಸ್ಟೋನ್‌ಫ್ಲೈ. ಹೆಸರು ಕೇಳಿ ನೊಣ ಅಂದುಕೊಂಡಿದ್ದೆ. ನೊಣಕ್ಕೆ ಎರಡು ರೆಕ್ಕೆ, ಇದಕ್ಕೆ ನಾಲ್ಕಂತೆ.

ನೆಲಮಂಗಲದಲ್ಲಿ ಎಡಕ್ಕೆ ಹೊರಳಿ ಹಾಸನ, ಬೇಲೂರು, ಮೂಡಿಗೆರೆ. ತೇಜಸ್ವಿ ಗಾಳ ಹಿಡಿದು ಕೂತ ಸೀಮೆ ಇದು ಎಂದು ನಾನು ಶುರುಮಾಡಿದರೆ ಅವಳ ಕಣ್ಣೆಲ್ಲ ಹಳ್ಳಗಳ ಮೇಲೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಹೇಮಾವತಿ ಸೇರುವ ಒಂದು ಹಳ್ಳಕ್ಕೆ ಇಳಿದೆವು.

ಏಳು ಕಲ್ಲು ಮಗುಚಿದರೂ ಏನಿಲ್ಲ. ಎಂಟನೆಯದರ ಅಡಿಗೆ ಅಂಟಿಕೊಂಡಿತ್ತು: ಉಗುರಿನುದ್ದದ ಚಪ್ಪಟೆ ಮರಿ, ಹಿಂದೆ ಎರಡು ಬಾಲ, ಪ್ರತಿ ಕಾಲಿನ ತುದಿಗೂ ಎರಡು ಕೊಕ್ಕೆ. ಮೇಫ್ಲೈ ಮರಿಗಾದರೆ ಸಾಮಾನ್ಯವಾಗಿ ಮೂರು ಬಾಲ, ಒಂದೇ ಕೊಕ್ಕೆ. ಲೆನ್ಸ್ ಹಿಡಿದಾಗ ಕಾಲುಗಳ ಬುಡದಲ್ಲಿ ಬಿಳಿ ನೂಲಿನ ಗೊಂಚಲು ಕಂಡಿತು. ಅವೇ ಕಿವಿರು.

ಸ್ಟೀಲ್ ಬಟ್ಟಲಲ್ಲಿ ಹಾಕಿಟ್ಟೆವು. ಬಿಸಿಲಿಗೆ ನೀರು ಬೆಚ್ಚಗಾದಂತೆ ಹುಳ ಆರೂ ಕಾಲೂರಿ ಮೈಯನ್ನು ಏಳಿಸತೊಡಗಿತು, ಇಳಿಸತೊಡಗಿತು. ಗರಡಿಮನೆಯ ಹುಡುಗನ ಥರ ಒಂದೇ ಸಮ ಬಸ್ಕಿ. ನನಗೆ ನಗು ಬಂತು.

"ನಗಬೇಡಿ ಮಾಮ, ಅದಕ್ಕೆ ಉಸಿರು ಸಾಲ್ತಿಲ್ಲ. ಹಳ್ಳದಲ್ಲಿ ತಣ್ಣೀರು ತಾನೇ ಓಡಿ ಬಂದು ಕಿವಿರು ಸವರುತ್ತೆ. ಇಲ್ಲಿ ನೀರು ನಿಂತಿದೆ, ಅದಕ್ಕೇ ಅದು ಅಲ್ಲಾಡ್ತಿದೆ."

ಪಕ್ಕದ ಬಂಡೆಯ ಮೇಲೆ ಇನ್ನೊಂದು ಕೂತಂತಿತ್ತು. ಮುಟ್ಟಿದರೆ ಬರೀ ಪೊರೆ, ಬೆನ್ನು ಸೀಳಿದೆ. ಒಳಗೆ ಕೂದಲಿಗಿಂತ ಸಣ್ಣ ಬಿಳಿ ಎಳೆಗಳು: ಉಸಿರುನಾಳಗಳ ಒಳಪದರವನ್ನೂ ಕಳಚಿಟ್ಟು ಹೋಗಿದೆ! ಚಿಟ್ಟೆಗಿರುವಂತೆ ಇದಕ್ಕೆ ಗೂಡಿನ ಹಂತವಿಲ್ಲ. ನೀರಲ್ಲೇ ಸಣ್ಣ ಹುಳಗಳನ್ನು ತಿಂದು, ಪೊರೆ ಬಿಟ್ಟು ಬಿಟ್ಟು ಬೆಳೆದು, ಕೊನೆಗೊಮ್ಮೆ ಬಂಡೆ ಹತ್ತಿ ರೆಕ್ಕೆ ಪಡೆಯುತ್ತದೆ. ಚಳಿ ದೇಶದ ಕೆಲವಕ್ಕೆ ಇಷ್ಟಕ್ಕೇ ಮೂರು ವರ್ಷ ಹಿಡಿಯುತ್ತದೆ. ರೆಕ್ಕೆ ಬಂದ ಮೇಲೆ ಉಳಿಯುವುದು ಕೆಲವು ದಿನ. ಜೋಡಿಯಾಗಿ, ನೀರಿಗೆ ಮೊಟ್ಟೆ ಬಿಟ್ಟರೆ ಮುಗಿಯಿತು.

ಅವಳು ಬಟ್ಟಲನ್ನು ಅದೇ ಕಲ್ಲಿನ ಪಕ್ಕ ಬಗ್ಗಿಸಿದಳು. ಹುಳ ಸಂದಿಗೆ ನುಗ್ಗಿತು. "ಈ ನೀರೂ ಕಾವೇರಿಗೇ ಹೋಗುತ್ತೆ" ಎಂದಳು. ನಮ್ಮ ಮೋರಿಯದೂ ಅಲ್ಲಿಗೇ, ವೃಷಭಾವತಿ, ಅರ್ಕಾವತಿ ದಾಟಿ.

ಭಾನುವಾರ ರಾತ್ರಿ ಶೆಡ್ಡಿನ ಬೀಗ ತೆಗೆಯುವಾಗ ಗಪ್ಪೆಂದು ವಾಸನೆ ಹೊಡೆಯಿತು. ಕರ್ಚೀಫ್ ಹುಡುಕಿಕೊಂಡೆ.