ಎರಡು ಹಗ್ಗಗಳು

1990ರ ಸುಮಾರಿಗೆ, ನಾನು ಅಧ್ಯಾಪಕನಾದ ಹೊಸತರಲ್ಲಿ, ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನ ಬಲಗಣ್ಣು ಗಾಜಿನದು. ಅವನ ತಂದೆಗೂ ಎಳವೆಯಲ್ಲಿಯೇ ಒಂದು ಕಣ್ಣು ಹೋಗಿತ್ತು. ದೊಡ್ಡಪ್ಪನ ಕಥೆಯೂ ಅದೇ. ಸಾಲದೆಂಬಂತೆ ಆತನು ಹದಿನೆಂಟರ ಪ್ರಾಯದಲ್ಲಿ ತೊಡೆಯ ಮೂಳೆಯಲ್ಲಿ ಗೆಡ್ಡೆಯೆದ್ದು ತೀರಿಕೊಂಡಿದ್ದನು. ಊರಿನವರು ಎಲ್ಲವನ್ನೂ ಸೇರಿಸಿ ನಾಗದೋಷವೆಂದರು. ಆ ಮನೆಗೆ ಹೆಣ್ಣು ಕೊಡಲು ಹಿಂಜರಿದರು. ಕಣ್ಣಿಗೂ ತೊಡೆಗೂ ಎಲ್ಲಿಯ ನಂಟು ಎಂದು ನಾನು ಮನಸ್ಸಿನಲ್ಲಿಯೇ ನಕ್ಕಿದ್ದೆನು. ಹುಡುಗರು ಅವನನ್ನು ‘ಒಕ್ಕಣ್ಣ’ ಎಂದು ಕೂಗುವುದು ನನ್ನ ಕಿವಿಗೆ ಬೀಳುತ್ತಿತ್ತು. ಗದರಿಸಬೇಕಾಗಿತ್ತು, ಗದರಿಸಲಿಲ್ಲ.

ಆ ರೋಗದ ಹೆಸರು ರೆಟಿನೊಬ್ಲಾಸ್ಟೋಮ ಎಂಬುದನ್ನು ನಾನು ಅರಿತದ್ದು ಬಹಳ ತಡವಾಗಿ. ಅದು ಎಳೆಯ ಮಕ್ಕಳ ಅಕ್ಷಿಪಟದಲ್ಲಿ ಹುಟ್ಟುವ ಅರ್ಬುದ. ಸುಮಾರು 15,000ದಿಂದ 20,000 ಶಿಶುಗಳಲ್ಲಿ ಒಂದಕ್ಕೆ ಬರುವಂಥದು. 1971ರಲ್ಲಿ ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್ಸನ್ ಅವರು 48 ರೋಗಿಗಳ ವಿವರಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ವಂಶದಲ್ಲಿ ಹರಿದುಬಂದ ರೋಗವು ಬೇಗನೆ, ಹಲವೊಮ್ಮೆ ಎರಡೂ ಕಣ್ಣುಗಳಲ್ಲಿ ತೋರುತ್ತದೆ. ಉಳಿದವರಲ್ಲಿ ತಡವಾಗಿ, ಒಂದೇ ಕಣ್ಣಿನಲ್ಲಿ. ಹೀಗೇಕೆ?

ಹಾಯುವ ಹೋರಿಯನ್ನು ಎರಡು ಬದಿಯಿಂದಲೂ ಹಗ್ಗ ಬಿಗಿದು ಕಟ್ಟಿರುವುದನ್ನು ನೀವು ನೋಡಿರಬಹುದು. ಜೀವಕೋಶವು ಅಳತೆ ಮೀರಿ ಬೆಳೆಯದಂತೆ ತಡೆಯುವ ವಂಶವಾಹಿಯೂ ಹಾಗೆ ಎರಡು ಪ್ರತಿಗಳಲ್ಲಿದೆ. ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಹರಿದರೆ ಇನ್ನೊಂದು ಹಿಡಿದಿರುತ್ತದೆ. ಒಂದೇ ಕೋಶದಲ್ಲಿ ಎರಡೂ ಹರಿಯುವುದು ಬಲು ಅಪರೂಪ. ಆದರೆ ಹರಿದ ಹಗ್ಗವನ್ನು ಹುಟ್ಟುವಾಗಲೇ ಪಡೆದ ಮಗುವಿನ ಪ್ರತಿಯೊಂದು ಕೋಶದಲ್ಲಿಯೂ ಉಳಿದಿರುವುದು ಒಂದೇ ಹಗ್ಗ. ಲಕ್ಷಾಂತರ ಕೋಶಗಳಲ್ಲಿ ಎಲ್ಲಿಯೋ ಒಂದೆಡೆ ಅದು ಹರಿದರೆ ಸಾಕು. 13ನೆಯ ವರ್ಣತಂತುವಿನ ಆ ವಂಶವಾಹಿಯನ್ನು 1986ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿದರು. ಮೂಳೆಯ ಒಂದು ಬಗೆಯ ಅರ್ಬುದದಲ್ಲಿಯೂ ಅದೇ ಕೆಟ್ಟಿರುವುದು ಕಂಡುಬಂದಿತು. ಊರಿನವರು ನಂಟನ್ನು ಸರಿಯಾಗಿಯೇ ಕಂಡಿದ್ದರು. ತಪ್ಪಿದ್ದುದು ಅವರು ಹೇಳಿದ ಕಾರಣ. ನನಗಾದರೋ ನಂಟೂ ಕಂಡಿರಲಿಲ್ಲ!

2012ರಲ್ಲಿ ಆ ಹುಡುಗನು ವರ್ಷ ತುಂಬಿದ ಮಗಳನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದನು. ಅಂಥ ತಂದೆಯ ಪ್ರತಿಯೊಂದು ಮಗುವಿಗೂ ಹರಿದ ಹಗ್ಗ ಬರುವ ಸಂಭವ ಅರ್ಧಕ್ಕರ್ಧ. ಅದನ್ನರಿತ ವೈದ್ಯರು ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಕಣ್ಣುಗಳನ್ನು ಪರೀಕ್ಷಿಸಿದ್ದರು. ಎಡಗಣ್ಣಿನಲ್ಲಿ ಸಾಸಿವೆಗಿಂತ ಸಣ್ಣ ಗೆಡ್ಡೆಯಿತ್ತು. ಲೇಸರ್ ಕಿರಣದಿಂದ ಅದನ್ನು ಸುಟ್ಟರು, ಕಣ್ಣು ಉಳಿಯಿತು. ಇನ್ನೂ ಕೆಲವು ವರ್ಷ ಆಗಾಗ್ಗೆ ಆಸ್ಪತ್ರೆಗೆ ಹೋಗಿ ತೋರಿಸಬೇಕೆಂದು ಅವನು ತಿಳಿಸಿದನು.

“ಮೇಷ್ಟ್ರೇ, ನನಗೆ ಆಗ ಯಾರೂ ಏನನ್ನೂ ಹೇಳಲಿಲ್ಲ. ಇವಳಿಗೆ ಬುದ್ಧಿ ಬಂದ ಮೇಲೆ ನಾನೇ ಎಲ್ಲವನ್ನೂ ಹೇಳುತ್ತೇನೆ” ಎಂದನು.

‘ಯಾರೂ’ ಎಂಬ ಮಾತಿನಲ್ಲಿ ನಾನೂ ಸೇರಿದ್ದೆನು. ಏನು ಉತ್ತರಿಸಲಿ ಎಂದು ಯೋಚಿಸುತ್ತಿರುವಷ್ಟರಲ್ಲಿ ಮಗು ನನ್ನ ಕನ್ನಡಕವನ್ನು ಕಿತ್ತುಕೊಂಡಿತ್ತು.